ಯುಎಸ್‌ಬಿ ಹಾಕಿದ ಆ ಎರಡು ಸೆಕೆಂಡಿನಲ್ಲಿ: ಲಿನಕ್ಸ್‌ನಲ್ಲಿ ಡ್ರೈವರ್ ಲೋಡ್ ಆಗುವ ಬಗೆ

ಯುಎಸ್‌ಬಿ-ಸೀರಿಯಲ್ ಕೇಬಲ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೈಕ್ರೋಕಂಟ್ರೋಲರ್ ಬೋರ್ಡ್‌ಗೋ ರೂಟರ್‌ನ ಕನ್ಸೋಲ್ ಪೋರ್ಟ್‌ಗೋ ಜೋಡಿಸಲು ಬಳಸುತ್ತಾರಲ್ಲ, ಅದೇ ಕೇಬಲ್. ಲಿನಕ್ಸ್ ಓಡುತ್ತಿರುವ ಕಂಪ್ಯೂಟರ್‌ಗೆ ಅದನ್ನು ಹಾಕಿದರೆ ಒಂದೆರಡು ಸೆಕೆಂಡಿನಲ್ಲಿ /ಡೆವ್/ಟಿಟಿವೈಯುಎಸ್‌ಬಿ0 ಅನ್ನುವ ಫೈಲ್ ಹುಟ್ಟಿಕೊಳ್ಳುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಿಲ್ಲ, ರೀಬೂಟ್ ಮಾಡಿಲ್ಲ. ಹಾಗಾದರೆ ಡ್ರೈವರ್, ಅಂದರೆ ಈ ಕೇಬಲನ್ನು ನಡೆಸುವ ಪ್ರೋಗ್ರಾಂ, ಎಲ್ಲಿಂದ ಬಂತು?

ಕೇಬಲ್‌ನಿಂದಂತೂ ಬರಲಿಲ್ಲ. ಅದರೊಳಗೆ ಡ್ರೈವರ್ ಇರುವುದೇ ಇಲ್ಲ. ಅದು ತರುವುದು ತನ್ನ ಪರಿಚಯವನ್ನು ಮಾತ್ರ. ಡ್ರೈವರ್ ಮೊದಲೇ ನಿಮ್ಮ ಡಿಸ್ಕ್‌ನಲ್ಲಿ ಕೂತಿತ್ತು. ಈ ಪರಿಚಯಕ್ಕೂ ಆ ಡ್ರೈವರ್‌ಗೂ ಗಂಟು ಹಾಕುವ ಕೆಲಸ ಹೇಗೆ ನಡೆಯುತ್ತದೆ ಅನ್ನುವುದೇ ಇಲ್ಲಿಯ ವಿಷಯ. ಇದನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಮುಂದೆ ಯಾವುದೋ ಡಿವೈಸ್ ಕೆಲಸ ಮಾಡದಿದ್ದಾಗ ಸುಮ್ನೆ ರೀಬೂಟ್ ಮಾಡುತ್ತಾ ಕೂರಬೇಕಾಗಿಲ್ಲ. ಕೊಂಡಿ ಎಲ್ಲಿ ತಪ್ಪಿದೆ ಎಂದು ಹುಡುಕಬಹುದು. ನನಗೆ ಈ ವ್ಯವಸ್ಥೆ ಬಹಳ ಇಷ್ಟ. ಮುಖ್ಯ ಕಾರಣ, ಇದರ ಬಹುಪಾಲು ಹಂತಗಳನ್ನು ನಾವೇ ತೆರೆದು ಓದಬಹುದು.

ಮೊದಲು ತಂತಿ ಮಾತಾಡುತ್ತದೆ

ಯುಎಸ್‌ಬಿ 2.0ರವರೆಗಿನ ಕೇಬಲ್‌ನಲ್ಲಿ ಡೇಟಾಗೆ ಎರಡು ತಂತಿಗಳಿವೆ, ಡಿ ಪ್ಲಸ್ ಮತ್ತು ಡಿ ಮೈನಸ್. ಡಿವೈಸ್ ಹಾಕಿದ ಕೂಡಲೇ ಅದರೊಳಗಿನ 1.5 ಕಿಲೋಓಮ್ ರೆಸಿಸ್ಟರ್ ಇವೆರಡರಲ್ಲಿ ಒಂದನ್ನು ಮೇಲಿನ ವೋಲ್ಟೇಜ್‌ಗೆ ಎಳೆಯುತ್ತದೆ. ಡಿ ಮೈನಸ್ ಮೇಲೆದ್ದರೆ ಅದು ಲೋ ಸ್ಪೀಡ್ ಡಿವೈಸ್. ಹಳೆಯ ಕೀಬೋರ್ಡ್, ಮೌಸ್‌ಗಳು ಹೀಗೆ. ಡಿ ಪ್ಲಸ್ ಮೇಲೆದ್ದರೆ ಫುಲ್ ಸ್ಪೀಡ್. ಹೈ ಸ್ಪೀಡ್ ಡಿವೈಸ್ ಕೂಡ ಮೊದಲು ಫುಲ್ ಸ್ಪೀಡ್ ಎಂದೇ ಹೇಳಿಕೊಂಡು, ಆಮೇಲೆ ತನ್ನ ನಿಜವಾದ ವೇಗಕ್ಕೆ ಏರುತ್ತದೆ. ಪೋರ್ಟ್‌ನಲ್ಲಿ ಏನೋ ಬಂದಿದೆ ಅಂತ ಹಬ್‌ಗೆ (ಪೋರ್ಟ್‌ಗಳನ್ನು ನೋಡಿಕೊಳ್ಳುವ ಭಾಗಕ್ಕೆ) ಗೊತ್ತಾಗುವುದು ಈ ಎಳೆತದಿಂದ.

ಹಬ್ ಆ ಸುದ್ದಿಯನ್ನು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಮುಟ್ಟಿಸುತ್ತದೆ. ಕರ್ನಲ್ ಆ ಪೋರ್ಟನ್ನು ರೀಸೆಟ್ ಮಾಡುತ್ತದೆ. ರೀಸೆಟ್ ಆದ ಡಿವೈಸ್‌ನ ವಿಳಾಸ ಸೊನ್ನೆ. ಆ ವಿಳಾಸದಲ್ಲೇ ಅದನ್ನು ಮಾತಾಡಿಸಿ, 1ರಿಂದ 127ರ ಒಳಗಿನ ಒಂದು ಹೊಸ ವಿಳಾಸ ಕೊಟ್ಟು, ನಂತರ ಮುಖ್ಯ ಪ್ರಶ್ನೆ ಕೇಳುತ್ತದೆ: ನೀನು ಯಾರು?

ಉತ್ತರವಾಗಿ ಬರುವುದು 18 ಬೈಟ್‌ಗಳ ಒಂದು ಡಿಸ್ಕ್ರಿಪ್ಟರ್. ಅದರಲ್ಲಿ ತಯಾರಕರ ಸಂಖ್ಯೆ ಇದೆ, ಉತ್ಪನ್ನದ ಸಂಖ್ಯೆ ಇದೆ, ಡಿವೈಸ್ ಯಾವ ವರ್ಗದ್ದು ಎಂಬ ಸೂಚನೆ ಇದೆ. ತಯಾರಕರ ಸಂಖ್ಯೆಯೂ ಉತ್ಪನ್ನದ ಸಂಖ್ಯೆಯೂ ತಲಾ 16 ಬಿಟ್. ನಮ್ಮ ಸೀರಿಯಲ್ ಕೇಬಲ್‌ನಲ್ಲಿ ಎಫ್‌ಟಿಡಿಐ ಕಂಪನಿಯ ಎಫ್‌ಟಿ232ಆರ್ ಚಿಪ್ ಇದೆ ಅಂದುಕೊಳ್ಳಿ. ಅದು ತಯಾರಕ 0403, ಉತ್ಪನ್ನ 6001 ಎಂದು ಹೇಳುತ್ತದೆ. ಈ ಅಂಕಿಗಳೆಲ್ಲ ಹೆಕ್ಸಾಡೆಸಿಮಲ್‌ನಲ್ಲಿರುತ್ತವೆ (16ರ ಆಧಾರದ ಎಣಿಕೆ).

ಇದಾದ ಮೇಲೆ ಡಿವೈಸ್‌ನೊಳಗೆ ಎಷ್ಟು ಇಂಟರ್‌ಫೇಸ್‌ಗಳಿವೆ ಎಂಬ ವಿವರ ಬರುತ್ತದೆ. ಇದನ್ನು ಗಮನಿಸಬೇಕು. ಯುಎಸ್‌ಬಿಯಲ್ಲಿ ಡ್ರೈವರ್ ಸಾಮಾನ್ಯವಾಗಿ ಇಡೀ ಡಿವೈಸ್‌ಗೆ ಅಂಟಿಕೊಳ್ಳುವುದಿಲ್ಲ, ಒಂದೊಂದು ಇಂಟರ್‌ಫೇಸ್‌ಗೆ ಅಂಟಿಕೊಳ್ಳುತ್ತದೆ. ಮೈಕ್ ಇರುವ ವೆಬ್‌ಕ್ಯಾಮ್ ನಮ್ಮ ಕಣ್ಣಿಗೆ ಒಂದೇ ವಸ್ತು. ಕರ್ನಲ್‌ಗೆ ಹಾಗಲ್ಲ. ವಿಡಿಯೋ ಭಾಗವನ್ನು ಯುವಿಸಿವಿಡಿಯೋ ಡ್ರೈವರ್ ಹಿಡಿಯುತ್ತದೆ, ಮೈಕ್‌ನ ಭಾಗವನ್ನು ಯುಎಸ್‌ಬಿ ಆಡಿಯೋ ಡ್ರೈವರ್ ಹಿಡಿಯುತ್ತದೆ. ಚಿತ್ರ ಬರುತ್ತಿದೆ, ಧ್ವನಿ ಬರುತ್ತಿಲ್ಲ ಅಂದಾಗ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕಾಗುವುದು ಇದಕ್ಕೇ.

ಕರ್ನಲ್ ಡ್ರೈವರ್ ಹುಡುಕುವುದಿಲ್ಲ

ಇಲ್ಲಿ ಬಹಳ ಜನ ತಪ್ಪು ತಿಳಿದುಕೊಂಡಿರುತ್ತಾರೆ. ಕರ್ನಲ್ಲೇ ಡಿಸ್ಕ್‌ನಲ್ಲಿ ತಡಕಾಡಿ, ಸರಿಹೊಂದುವ ಡ್ರೈವರ್ ಹುಡುಕಿ ತರುತ್ತದೆ ಎಂಬ ಕಲ್ಪನೆ ಇರುತ್ತದೆ. ಯುಎಸ್‌ಬಿ ಡಿವೈಸ್ ವಿಷಯದಲ್ಲಿ ಹಾಗೆ ಆಗುವುದಿಲ್ಲ. ಕರ್ನಲ್ ತನಗೆ ಸಿಕ್ಕ ವಿವರಗಳನ್ನೆಲ್ಲ ಪೋಣಿಸಿ ಒಂದೇ ಸಾಲಿನ ಪಠ್ಯ ಮಾಡುತ್ತದೆ. ನಂತರ "ಹೊಸದೊಂದು ಬಂದಿದೆ, ಇದು ಅದರ ಸಾಲು" ಎಂದು ಹೊರಗೆ ಸಾರಿಬಿಡುತ್ತದೆ. ಅಲ್ಲಿಗೆ ಅದರ ಪಾಲಿನ ಕೆಲಸ ಸದ್ಯಕ್ಕೆ ಮುಗಿಯಿತು.

ಆ ಸಾಲಿನ ಹೆಸರು ಮಾಡ್‌ಅಲಿಯಾಸ್. ನಮ್ಮ ಕೇಬಲ್‌ನದ್ದು ಹೀಗಿರುತ್ತದೆ (ಅಕ್ಷರಗಳನ್ನು ಕನ್ನಡದಲ್ಲಿ ಬರೆದಿದ್ದೇನೆ):

ಯುಎಸ್‌ಬಿ:ವಿ0403ಪಿ6001ಡಿ0600ಡಿಸಿ00ಡಿಎಸ್‌ಸಿ00ಡಿಪಿ00ಐಸಿಎಫ್‌ಎಫ್ಐಎಸ್‌ಸಿಎಫ್‌ಎಫ್ಐಪಿಎಫ್‌ಎಫ್ಐಎನ್00

ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುತ್ತದೆ. ಬಿಡಿಸಿ ಓದಿದರೆ ಸುಲಭ. ವಿ ಅಂದರೆ ತಯಾರಕ, ಪಿ ಅಂದರೆ ಉತ್ಪನ್ನ, ಡಿ ಅಂದರೆ ಡಿವೈಸ್‌ನ ಆವೃತ್ತಿ. ಡಿಸಿ, ಡಿಎಸ್‌ಸಿ, ಡಿಪಿ ಈ ಮೂರೂ ಇಡೀ ಡಿವೈಸ್‌ನ ವರ್ಗ, ಉಪವರ್ಗ ಮತ್ತು ಪ್ರೋಟೋಕಾಲ್. ಐ ಅಕ್ಷರದಿಂದ ಶುರುವಾಗುವ ಐಸಿ, ಐಎಸ್‌ಸಿ, ಐಪಿ ಅದೇ ಮೂರು ವಿವರಗಳು, ಆದರೆ ಇಂಟರ್‌ಫೇಸ್‌ನದ್ದು. ಕೊನೆಯ ಐಎನ್ ಇಂಟರ್‌ಫೇಸ್‌ನ ಕ್ರಮಸಂಖ್ಯೆ. ಇಲ್ಲಿ ಇಂಟರ್‌ಫೇಸ್ ವರ್ಗ ಎಫ್‌ಎಫ್ ಎಂದಿದೆ ನೋಡಿ. ಅದರ ಅರ್ಥ, ಈ ಭಾಗ ಯಾವುದೇ ಸಾಮಾನ್ಯ ವರ್ಗಕ್ಕೆ ಸೇರಿಲ್ಲ, ತಯಾರಕರದ್ದೇ ಸ್ವಂತ ರೀತಿ. ಕೀಬೋರ್ಡ್ ಆಗಿದ್ದರೆ ಅಲ್ಲಿ 03 ಇರುತ್ತಿತ್ತು, ಪೆನ್‌ಡ್ರೈವ್ ಆಗಿದ್ದರೆ 08.

ಈ ಸಂದೇಶವನ್ನು ಕರ್ನಲ್ ನೆಟ್‌ಲಿಂಕ್ ಎಂಬ ಸಾಕೆಟ್ ಮೂಲಕ ಕಳಿಸುತ್ತದೆ. ಸಂದೇಶಕ್ಕೆ ಯುಇವೆಂಟ್ ಎಂದು ಹೆಸರು. ಹಿಂದೆ ಹೀಗಿರಲಿಲ್ಲ. 2.4 ಕರ್ನಲ್‌ನ ಕಾಲದಲ್ಲಿ ಪ್ರತಿಯೊಂದು ಘಟನೆಗೂ ಕರ್ನಲ್ ತಾನೇ /ಎಸ್‌ಬಿನ್/ಹಾಟ್‌ಪ್ಲಗ್ ಎಂಬ ಪ್ರೋಗ್ರಾಂ ಒಂದನ್ನು ಹೊಸದಾಗಿ ಓಡಿಸುತ್ತಿತ್ತು. ಒಂದೇ ಸಲ ಹತ್ತಾರು ಡಿವೈಸ್ ಬಂದರೆ ಹತ್ತಾರು ಪ್ರೋಗ್ರಾಂಗಳು ಒಟ್ಟಿಗೆ ಏಳುತ್ತಿದ್ದವು. "ತೆಗೆದರು" ಅನ್ನುವ ಸುದ್ದಿಯನ್ನು ನೋಡಿಕೊಳ್ಳುವ ಪ್ರೋಗ್ರಾಂ, "ಹಾಕಿದರು" ಅನ್ನುವ ಸುದ್ದಿಯದ್ದಕ್ಕಿಂತ ಮೊದಲೇ ಓಡಿ ಮುಗಿಯುವ ಸಾಧ್ಯತೆಯೂ ಇತ್ತು. ಈಗ ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಇದೆ. ಕೇಳಿಸಿಕೊಳ್ಳಲು ಯಾವಾಗಲೂ ಎದ್ದಿರುವ ಒಂದು ಪ್ರೋಗ್ರಾಂ ಇದೆ.

ಅದೇ ಯೂಡೆವ್. ಕರ್ನಲ್ ಡೆವಲಪರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ 2003ರಲ್ಲಿ ಶುರು ಮಾಡಿದ ಕೆಲಸ. 2012ರಲ್ಲಿ ಅದರ ಸೋರ್ಸ್ ಸಿಸ್ಟಮ್‌ಡಿ (ಬೂಟ್ ಮತ್ತು ಹಿನ್ನೆಲೆಯ ಸೇವೆಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಜೊತೆ ಸೇರಿಕೊಂಡಿತು. ಸಣ್ಣ ಎಂಬೆಡೆಡ್ ಸಿಸ್ಟಮ್‌ಗಳಲ್ಲಿ ಇದರ ಬದಲು ಬಿಝಿಬಾಕ್ಸ್‌ನ ಎಂಡೆವ್ ಇರಬಹುದು. ಹೆಸರು ಯಾವುದಾದರೂ ಕೆಲಸದ ತಿರುಳು ಒಂದೇ: ಸಂದೇಶದಲ್ಲಿ ಮಾಡ್‌ಅಲಿಯಾಸ್ ಸಾಲು ಇದ್ದರೆ ಅದನ್ನು ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ಡ್ರೈವರ್ ಫೈಲ್) ಲೋಡ್ ಮಾಡುವವರ ಕೈಗೆ ಕೊಡು. ಯೂಡೆವ್‌ನ ರೂಲ್ ಫೈಲ್‌ಗಳಲ್ಲಿ 80-ಡ್ರೈವರ್ಸ್.ರೂಲ್ಸ್ ಎಂಬುದನ್ನು ತೆರೆದು ನೋಡಿ. ಇಷ್ಟು ದೊಡ್ಡ ಕೆಲಸಕ್ಕೆ ಅಲ್ಲಿರುವುದು ಕೆಲವೇ ಸಾಲು.

ನಕ್ಷತ್ರ ಚಿಹ್ನೆಯ ಪಟ್ಟಿ

ಈಗ ಆ ಸಾಲಿಗೆ ತಕ್ಕ ಡ್ರೈವರ್ ಯಾವುದು ಎಂದು ಹೇಗೆ ಗೊತ್ತಾಗುತ್ತದೆ? ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ತುಂಬಾ ಚೆಂದದ ಭಾಗ ಇದು.

ಡ್ರೈವರ್ ಬರೆಯುವವರು ಸೋರ್ಸ್ ಕೋಡ್‌ನಲ್ಲಿ ಒಂದು ಪಟ್ಟಿ ಇಡುತ್ತಾರೆ. "ನಾನು ಈ ಈ ತಯಾರಕರ ಈ ಈ ಉತ್ಪನ್ನಗಳನ್ನು ನೋಡಿಕೊಳ್ಳಬಲ್ಲೆ" ಎಂಬ ಪಟ್ಟಿ. ಮಾಡ್ಯೂಲ್_ಡಿವೈಸ್_ಟೇಬಲ್ ಎಂಬ ಮ್ಯಾಕ್ರೋ ಬಳಸಿದರೆ, ಕಂಪೈಲ್ ಆಗುವಾಗ ಆ ಪಟ್ಟಿ ಪಠ್ಯದ ಸಾಲುಗಳಾಗಿ ಮಾಡ್ಯೂಲ್ ಫೈಲ್‌ನೊಳಗೇ ಸೇರಿಕೊಳ್ಳುತ್ತದೆ. ಎಫ್‌ಟಿಡಿಐ ಚಿಪ್‌ಗಳ ಡ್ರೈವರ್‌ನ ಹೆಸರು ಎಫ್‌ಟಿಡಿಐ_ಎಸ್‌ಐಒ. ಮಾಡ್‌ಇನ್‌ಫೋ ಕಮಾಂಡ್‌ಗೆ ಈ ಹೆಸರು ಕೊಟ್ಟರೆ ನೂರಾರು ಅಲಿಯಾಸ್ ಸಾಲುಗಳು ಸುರಿಯುತ್ತವೆ. ಅವುಗಳಲ್ಲೊಂದು ಹೀಗಿದೆ:

ಯುಎಸ್‌ಬಿ:ವಿ0403ಪಿ6001ಡಿ*ಡಿಸಿ*ಡಿಎಸ್‌ಸಿ*ಡಿಪಿ*ಐಸಿ*ಐಎಸ್‌ಸಿ*ಐಪಿ*ಐಎನ್*

ಮೇಲಿನ ಸಾಲಿನ ಪಕ್ಕ ಇಟ್ಟು ನೋಡಿ. ತಯಾರಕ, ಉತ್ಪನ್ನ ಎರಡನ್ನು ಬಿಟ್ಟು ಉಳಿದೆಲ್ಲ ಕಡೆ ನಕ್ಷತ್ರ ಚಿಹ್ನೆ. ಅಂದರೆ ಆ ಜಾಗದಲ್ಲಿ ಏನು ಬಂದರೂ ಸರಿ. ಪೆನ್‌ಡ್ರೈವ್‌ಗಳ ಯುಎಸ್‌ಬಿ-ಸ್ಟೋರೇಜ್ ಡ್ರೈವರ್‌ನ ಸಾಮಾನ್ಯ ಸಾಲುಗಳು ಇದರ ತದ್ವಿರುದ್ಧ. ಅಲ್ಲಿ ತಯಾರಕ, ಉತ್ಪನ್ನದ ಜಾಗದಲ್ಲಿ ನಕ್ಷತ್ರ ಇರುತ್ತದೆ, ಇಂಟರ್‌ಫೇಸ್ ವರ್ಗದ ಜಾಗದಲ್ಲಿ 08 ಇರುತ್ತದೆ. ನಿನ್ನೆ ತಾನೇ ಮಾರುಕಟ್ಟೆಗೆ ಬಂದ ಪೆನ್‌ಡ್ರೈವ್ ಐದಾರು ವರ್ಷದ ಹಳೆಯ ಕರ್ನಲ್‌ನಲ್ಲೂ ಓಡುವುದು ಈ ಕಾರಣಕ್ಕೆ. ಅದೇ ಹೊಸ ವೈಫೈ ಡಾಂಗಲ್ ಓಡದಿರಬಹುದು. ಅದರ ಸಂಖ್ಯೆಯನ್ನು ಯಾರಾದರೂ ಪಟ್ಟಿಗೆ ಸೇರಿಸಿರಬೇಕು.

ಕರ್ನಲ್ ಇನ್‌ಸ್ಟಾಲ್ ಆಗುವಾಗ ಡೆಪ್‌ಮಾಡ್ ಎಂಬ ಪ್ರೋಗ್ರಾಂ ಓಡುತ್ತದೆ. ಅದು ಪ್ರತಿಯೊಂದು ಮಾಡ್ಯೂಲ್ ಫೈಲ್ ತೆರೆದು, ಈ ಸಾಲುಗಳನ್ನೆಲ್ಲ ಒಟ್ಟು ಮಾಡಿ, ಮಾಡ್ಯೂಲ್ಸ್.ಅಲಿಯಾಸ್ ಎಂಬ ಒಂದೇ ಫೈಲ್‌ಗೆ ಬರೆಯುತ್ತದೆ. ಬೇಗ ಹುಡುಕಲು ಅನುಕೂಲವಾಗುವಂತೆ ಅದರದ್ದೇ ಬೈನರಿ ರೂಪವೂ ಇರುತ್ತದೆ. ಯಾವ ಮಾಡ್ಯೂಲ್‌ಗೆ ಯಾವ ಮಾಡ್ಯೂಲ್ ಬೇಕು ಎಂಬುದು ಮಾಡ್ಯೂಲ್ಸ್.ಡೆಪ್ ಫೈಲ್‌ಗೆ ಹೋಗುತ್ತದೆ. ಎಲ್ಲವೂ /ಲಿಬ್/ಮಾಡ್ಯೂಲ್ಸ್ ಒಳಗೆ, ಕರ್ನಲ್ ಆವೃತ್ತಿಯ ಹೆಸರಿನ ಡೈರೆಕ್ಟರಿಯಲ್ಲಿ.

ಹಾಗಾಗಿ ಡ್ರೈವರ್ ಹುಡುಕುವುದು ಅಂದರೆ ಇಷ್ಟೇ: ಬಂದ ಸಾಲನ್ನು ಈ ಪಟ್ಟಿಯ ಜೊತೆ ಹೋಲಿಸಿ ನೋಡುವುದು. ಹೊಂದಿಕೆಯಾದ ಮಾಡ್ಯೂಲ್‌ನ ಹೆಸರು ಸಿಗುತ್ತದೆ. ಅದಕ್ಕೆ ಬೇಕಾದ ಬೇರೆ ಮಾಡ್ಯೂಲ್‌ಗಳು ಮೊದಲು ಲೋಡ್ ಆಗುತ್ತವೆ, ಆಮೇಲೆ ಇದು. ನಮ್ಮ ಉದಾಹರಣೆಯಲ್ಲಿ ಯುಎಸ್‌ಬಿಸೀರಿಯಲ್ ಮೊದಲು, ಎಫ್‌ಟಿಡಿಐ_ಎಸ್‌ಐಒ ನಂತರ. ನೀವೇ ಇದನ್ನು ಕೈಯಿಂದ ಮಾಡಿ ನೋಡಬಹುದು. ಮಾಡ್‌ಪ್ರೋಬ್ ಕಮಾಂಡ್‌ಗೆ ಡ್ರೈವರ್ ಹೆಸರಿನ ಬದಲು ಆ ಉದ್ದನೆಯ ಮಾಡ್‌ಅಲಿಯಾಸ್ ಸಾಲನ್ನೇ ಕೊಡಿ, ಅದು ಸರಿಯಾದ ಡ್ರೈವರನ್ನು ತಾನೇ ಆರಿಸಿಕೊಳ್ಳುತ್ತದೆ. ಲೋಡ್ ಮಾಡದೆ ಹೆಸರು ಮಾತ್ರ ನೋಡಬೇಕಿದ್ದರೆ ಜೊತೆಗೆ ಇಂಗ್ಲಿಷ್ ದೊಡ್ಡಕ್ಷರದ -ಆರ್ ಕೊಟ್ಟರೆ ಸಾಕು.

ಲೋಡ್ ಆಯಿತು ಅಂದರೆ ಹಿಡಿಯಿತು ಅಂತಲ್ಲ

ಮಾಡ್ಯೂಲ್ ಮೆಮೊರಿಗೆ ಬಂದ ಮಾತ್ರಕ್ಕೆ ಡಿವೈಸ್ ಓಡುವುದಿಲ್ಲ. ಬಂದ ಕೂಡಲೇ ಅದು "ನಾನು ಬಂದಿದ್ದೇನೆ, ಇದು ನನ್ನ ಪಟ್ಟಿ" ಎಂದು ಕರ್ನಲ್‌ನ ಯುಎಸ್‌ಬಿ ಭಾಗದಲ್ಲಿ ಹೆಸರು ಬರೆಸುತ್ತದೆ. ಆಗ ಕರ್ನಲ್, ಇನ್ನೂ ಯಾರೂ ಹಿಡಿಯದೆ ಉಳಿದಿರುವ ಇಂಟರ್‌ಫೇಸ್‌ಗಳನ್ನೆಲ್ಲ ಆ ಪಟ್ಟಿಯೊಂದಿಗೆ ಹೋಲಿಸುತ್ತದೆ. ಹೊಂದಿಕೆಯಾದರೆ ಡ್ರೈವರ್‌ನ ಪ್ರೋಬ್ ಫಂಕ್ಷನ್ ಕರೆಯುತ್ತದೆ. ಪ್ರೋಬ್ ಡಿವೈಸನ್ನು ಪರೀಕ್ಷಿಸಿ, ಒಪ್ಪಿಗೆಯಾದರೆ ಸೊನ್ನೆ ಹಿಂತಿರುಗಿಸುತ್ತದೆ. ಆಗ ಮಾತ್ರ ಇಬ್ಬರಿಗೂ ನಂಟು. ಒಪ್ಪದಿದ್ದರೆ ದೋಷದ ಸಂಖ್ಯೆ ಕೊಟ್ಟು ಕೈಬಿಡುತ್ತದೆ.

ಈ ಹೋಲಿಕೆ ಎರಡು ದಿಕ್ಕಿನಿಂದಲೂ ನಡೆಯುತ್ತದೆ. ಹೊಸ ಡಿವೈಸ್ ಬಂದರೆ ಆಗಲೇ ಇರುವ ಡ್ರೈವರ್‌ಗಳನ್ನು ನೋಡುತ್ತದೆ. ಹೊಸ ಡ್ರೈವರ್ ಬಂದರೆ ಆಗಲೇ ಇರುವ ಡಿವೈಸ್‌ಗಳನ್ನು ನೋಡುತ್ತದೆ. ಆದ್ದರಿಂದ ಯಾರು ಮೊದಲು ಬಂದರು ಎಂಬುದು ಮುಖ್ಯವಲ್ಲ. ಕರ್ನಲ್ ಸಾರಿಬಿಟ್ಟು ಸುಮ್ಮನಾಗುವುದಕ್ಕೆ ಧೈರ್ಯ ಬರುವುದು ಇಲ್ಲಿಂದಲೇ. ಡ್ರೈವರ್ ಒಂದು ಕ್ಷಣ ಬಿಟ್ಟು ಬರಲಿ, ಒಂದು ಗಂಟೆ ಬಿಟ್ಟು ಬರಲಿ, ಬಂದಾಗ ಗಂಟು ಬೀಳುತ್ತದೆ.

ಗಂಟು ಬಿದ್ದ ಮೇಲೆ ಡೆವ್‌ಟಿಎಂಪಿಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ನಲ್ಲಿ ಕರ್ನಲ್ಲೇ /ಡೆವ್/ಟಿಟಿವೈಯುಎಸ್‌ಬಿ0 ಫೈಲನ್ನು ಹುಟ್ಟಿಸುತ್ತದೆ. ಯಾರು ಅದನ್ನು ತೆರೆಯಬಹುದು ಎಂಬ ಅನುಮತಿ, ಅದಕ್ಕೆ ಇನ್ನಷ್ಟು ಹೆಸರುಗಳು, ಇವು ಮತ್ತೆ ಯೂಡೆವ್‌ನ ಕೆಲಸ. "ಅನುಮತಿ ಇಲ್ಲ" ಎಂಬ ದೋಷ ಬಂದರೆ ಡ್ರೈವರ್‌ನ ತಪ್ಪಲ್ಲ. ಡ್ರೈವರ್ ತನ್ನ ಕೆಲಸ ಮುಗಿಸಿಯಾಗಿದೆ. ಸೀರಿಯಲ್ ಪೋರ್ಟ್‌ಗಳಿಗಾದರೆ ಡೆಬಿಯನ್, ಉಬುಂಟುಗಳಲ್ಲಿ ನಿಮ್ಮ ಯೂಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಮತ್ತೆ ಲಾಗಿನ್ ಆದರೆ ಸರಿಹೋಗುತ್ತದೆ.

ಕಂಪ್ಯೂಟರ್ ಆನ್ ಮಾಡುವಾಗಲೇ ಡಿವೈಸ್ ಸಿಕ್ಕಿಸಿದ್ದರೆ? ಯೂಡೆವ್ ಏಳುವ ಮೊದಲೇ ಕರ್ನಲ್ ಸಾರಿ ಮುಗಿಸಿರುತ್ತದೆ, ಕೇಳಿಸಿಕೊಳ್ಳಲು ಯಾರೂ ಇರುವುದಿಲ್ಲ. ಅದಕ್ಕೇ ಬೂಟ್ ಸಮಯದಲ್ಲಿ ಯೂಡೆವ್‌ಎಡಿಎಂ ಟ್ರಿಗರ್ ಎಂಬ ಕಮಾಂಡ್ ಓಡುತ್ತದೆ. "ಇರುವವರೆಲ್ಲ ಇನ್ನೊಮ್ಮೆ ಹೇಳಿ" ಎಂದು ಕೇಳಿಕೊಂಡ ಹಾಗೆ ಕರ್ನಲ್‌ನಿಂದ ಎಲ್ಲ ಸಂದೇಶಗಳನ್ನೂ ಮತ್ತೆ ಕಳಿಸಿಕೊಳ್ಳುತ್ತದೆ. ಮುಂದಿನ ದಾರಿ ಅದೇ.

ಎಲ್ಲಿ ತಪ್ಪುತ್ತದೆ

ಡಿವೈಸ್ ಓಡುತ್ತಿಲ್ಲ ಅಂದರೆ ಮೊದಲು ಡಿಮೆಸ್ಗ್ ಕಮಾಂಡ್ ಕೊಟ್ಟು ಕರ್ನಲ್ ಲಾಗ್ ನೋಡಿ. ಹಾಕಿದಾಗ ಹೊಸ ಸಾಲು ಒಂದೂ ಬರಲಿಲ್ಲ ಅಂದರೆ ಡ್ರೈವರ್ ಬಗ್ಗೆ ಯೋಚಿಸುವುದೇ ಬೇಡ. ಕೇಬಲ್, ಪೋರ್ಟ್ ಅಥವಾ ಡಿವೈಸ್ ಕೆಟ್ಟಿದೆ. ಚಾರ್ಜಿಂಗ್‌ಗೆ ಮಾತ್ರ ಮಾಡಿದ, ಡೇಟಾ ತಂತಿಗಳೇ ಇಲ್ಲದ ಕೇಬಲ್‌ಗಳು ಇಲ್ಲಿ ತುಂಬಾ ಸಮಯ ತಿನ್ನುತ್ತವೆ. ತಯಾರಕ, ಉತ್ಪನ್ನದ ಸಂಖ್ಯೆಗಳು ಲಾಗ್‌ನಲ್ಲಿ ಬಂದವು, ಮುಂದೆ ಏನೂ ಆಗಲಿಲ್ಲ ಅಂದರೆ ಎಲ್‌ಎಸ್‌ಯುಎಸ್‌ಬಿ -ಟಿ ಓಡಿಸಿ. ಪ್ರತಿ ಇಂಟರ್‌ಫೇಸ್‌ನ ಮುಂದೆ ಅದನ್ನು ಹಿಡಿದ ಡ್ರೈವರ್ ಹೆಸರು ಇರುತ್ತದೆ. ಹೆಸರು ಇಲ್ಲದ ಜಾಗವೇ ನಿಮ್ಮ ಸಮಸ್ಯೆಯ ಜಾಗ.

ಹೀಗೆ ಹಿಡಿಯದೇ ಇರಲು ಕಾರಣಗಳು ಹಲವು. ಒಂದು ಕಾರಣ ತುಂಬಾ ಜನರನ್ನು ಗೊಂದಲಕ್ಕೆ ಕೆಡವುತ್ತದೆ. ಸಿಸ್ಟಮ್ ಅಪ್‌ಡೇಟ್ ಮಾಡಿದ್ದೀರಿ, ಹೊಸ ಕರ್ನಲ್ ಬಂದಿದೆ, ಆದರೆ ಇನ್ನೂ ರೀಬೂಟ್ ಮಾಡಿಲ್ಲ. ಓಡುತ್ತಿರುವುದು ಹಳೆಯ ಕರ್ನಲ್. ಆರ್ಚ್‌ನಂತಹ ಕೆಲವು ಡಿಸ್ಟ್ರಿಬ್ಯೂಷನ್‌ಗಳಲ್ಲಿ ಅಪ್‌ಡೇಟ್ ಆಗುವಾಗ ಹಳೆಯ ಕರ್ನಲ್‌ನ ಮಾಡ್ಯೂಲ್ ಡೈರೆಕ್ಟರಿ ಅಳಿಸಿಹೋಗುತ್ತದೆ. ಆಗಲೇ ಮೆಮೊರಿಯಲ್ಲಿರುವ ಡ್ರೈವರ್‌ಗಳಿಗೆ ಏನೂ ತೊಂದರೆಯಿಲ್ಲ, ಕೀಬೋರ್ಡ್, ಮೌಸ್ ಎಲ್ಲ ಸರಿಯಾಗಿಯೇ ಓಡುತ್ತಿರುತ್ತವೆ. ಆದರೆ ಬೂಟ್ ಆದಮೇಲೆ ಒಮ್ಮೆಯೂ ಬಳಸದ ಪೆನ್‌ಡ್ರೈವ್ ಹಾಕಿದರೆ ಯೂಡೆವ್ ಹುಡುಕಲು ಹೋಗುವ ಡೈರೆಕ್ಟರಿಯೇ ಇಲ್ಲ. ಪೆನ್‌ಡ್ರೈವ್ ಕೆಟ್ಟಿದೆ ಎಂದು ಅನ್ನಿಸುವುದು ಸಹಜ. ಯುನೇಮ್ -ಆರ್ ಹೇಳುವ ಆವೃತ್ತಿಯ ಹೆಸರಿನಲ್ಲಿ /ಲಿಬ್/ಮಾಡ್ಯೂಲ್ಸ್ ಒಳಗೆ ಡೈರೆಕ್ಟರಿ ಇದೆಯಾ ಎಂದು ಒಮ್ಮೆ ನೋಡಿ. ಇಲ್ಲದಿದ್ದರೆ ರೀಬೂಟ್ ಒಂದೇ ದಾರಿ. ರೀಬೂಟ್ ಮಾಡಿ ಅನ್ನುವ ಸಲಹೆ ಕಾರಣ ಸಮೇತ ಸರಿಯಾಗುವ ಸಂದರ್ಭ ಇದು.

ಇನ್ನೊಂದು ಫರ್ಮ್‌ವೇರ್. ವೈಫೈ, ಬ್ಲೂಟೂತ್ ಡಿವೈಸ್‌ಗಳಲ್ಲಿ ಬಹಳಷ್ಟು ತಮ್ಮೊಳಗಿನ ಪ್ರೊಸೆಸರ್‌ಗೆ ಬೇಕಾದ ಪ್ರೋಗ್ರಾಮನ್ನು ಇಟ್ಟುಕೊಂಡಿರುವುದಿಲ್ಲ. ಪ್ರತಿ ಸಲ ಡ್ರೈವರ್ ಅದನ್ನು /ಲಿಬ್/ಫರ್ಮ್‌ವೇರ್‌ನಿಂದ ತಂದು ತುಂಬಬೇಕು. ಫೈಲ್ ಸಿಗದಿದ್ದರೆ ಪ್ರೋಬ್ ಸೋಲುತ್ತದೆ. ಎಲ್‌ಎಸ್‌ಮಾಡ್ ಕೊಟ್ಟರೆ ಡ್ರೈವರ್ ಲೋಡ್ ಆಗಿದೆ ಎಂದೇ ಕಾಣುತ್ತದೆ, ಡಿವೈಸ್ ಮಾತ್ರ ಇಲ್ಲ. ಲಾಗ್‌ನಲ್ಲಿ ಫರ್ಮ್‌ವೇರ್ ಫೈಲ್‌ನ ಹೆಸರಿನ ಜೊತೆ -2 ಎಂಬ ದೋಷ ಸಂಖ್ಯೆ ಕಂಡರೆ ಅರ್ಥ ಸ್ಪಷ್ಟ: ಆ ಹೆಸರಿನ ಫೈಲ್ ಸಿಗಲಿಲ್ಲ. ಡಿಸ್ಟ್ರಿಬ್ಯೂಷನ್‌ನ ಫರ್ಮ್‌ವೇರ್ ಪ್ಯಾಕೇಜ್ ಹಾಕಿಕೊಳ್ಳಿ, ಡಿವೈಸ್ ತೆಗೆದು ಮತ್ತೆ ಹಾಕಿ.

ಡ್ರೈವರ್ ಕರ್ನಲ್ ಜೊತೆ ಬಂದದ್ದಲ್ಲ, ನೀವೇ ಹೊರಗಿನಿಂದ ತಂದು ಕಂಪೈಲ್ ಮಾಡಿದ್ದು ಅಂದರೆ ಬೇರೆ ತಲೆನೋವುಗಳಿವೆ. ಲಿನಕ್ಸ್ ಕರ್ನಲ್ ತನ್ನ ಒಳಗಿನ ಇಂಟರ್‌ಫೇಸ್‌ಗಳನ್ನು (ಯುಎಸ್‌ಬಿಯದ್ದಲ್ಲ, ಡ್ರೈವರ್‌ಗಳು ಕರ್ನಲ್ ಜೊತೆ ಮಾತಾಡುವ ರೀತಿಯನ್ನು) ಹಾಗೇ ಉಳಿಸಿಕೊಳ್ಳುವ ಮಾತು ಕೊಡುವುದಿಲ್ಲ. ಪ್ರತಿ ಮಾಡ್ಯೂಲ್‌ನಲ್ಲೂ ಅದು ಯಾವ ಕರ್ನಲ್‌ಗಾಗಿ ತಯಾರಾಯಿತು ಎಂಬ ಗುರುತು ಇರುತ್ತದೆ. ಅದು ತಾಳೆಯಾಗದಿದ್ದರೆ ಮಾಡ್ಯೂಲ್ ಒಳಗೆ ಬರುವುದಿಲ್ಲ. ಕರ್ನಲ್ ಬದಲಾದಾಗಲೆಲ್ಲ ತಾನಾಗಿಯೇ ಮರು ಕಂಪೈಲ್ ಮಾಡಿಸುವ ಡಿಕೆಎಂಎಸ್ ಹುಟ್ಟಿದ್ದು ಇದಕ್ಕೇ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಕೋಡ್ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಆನ್ ಇದ್ದರೆ ಸಾಮಾನ್ಯವಾಗಿ ಮಾಡ್ಯೂಲ್‌ಗೆ ಸಹಿಯೂ ಬೇಕು. ನೀವು ಕಂಪೈಲ್ ಮಾಡಿದ ಮಾಡ್ಯೂಲ್‌ಗೆ ಯಾವ ಕೀ ಬಳಸಿ ಸಹಿ ಹಾಕಿದ್ದೀರೋ ಆ ಕೀ ಯಂತ್ರದಲ್ಲಿ ನೋಂದಣಿ ಆಗಿರಬೇಕು. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನಾನದನ್ನು ಕೊಡುವುದಿಲ್ಲ. ಎಂಒಕೆಯುಟಿಲ್ ಬಳಸಿ ಕೀ ಸೇರಿಸುವುದು ಒಮ್ಮೆ ಮಾಡುವ ಕೆಲಸ, ಅದಕ್ಕೆ ಸ್ವಲ್ಪ ಸಮಯ ಕೊಡಿ.

ಡ್ರೈವರ್‌ಗೆ ನಿಮ್ಮ ಡಿವೈಸ್‌ನ ಚಿಪ್ ಗೊತ್ತಿದೆ, ಆದರೆ ಈ ಹೊಸ ಸಂಖ್ಯೆ ಪಟ್ಟಿಯಲ್ಲಿಲ್ಲ. ಇಂಥ ಸಂದರ್ಭವೂ ಬರುತ್ತದೆ. ಆಗ ಡ್ರೈವರನ್ನು ಕೈಯಿಂದ ಲೋಡ್ ಮಾಡಿ, ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನೊಳಗಿನ ವಿವರಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಆ ಡ್ರೈವರ್‌ನ ಡೈರೆಕ್ಟರಿಯಲ್ಲಿರುವ ನ್ಯೂ_ಐಡಿ ಫೈಲ್‌ಗೆ ತಯಾರಕ ಮತ್ತು ಉತ್ಪನ್ನದ ಸಂಖ್ಯೆ ಬರೆಯಬಹುದು. ಆ ಕ್ಷಣವೇ ಕರ್ನಲ್ ಹೋಲಿಕೆ ಮಾಡಿ ಪ್ರೋಬ್ ಕರೆಯುತ್ತದೆ. ಕೋಡ್ ಮುಟ್ಟಬೇಕಾಗಿಲ್ಲ. ಕೆಲಸ ಮಾಡಿತು ಅಂದರೆ ಆ ಒಂದು ಸಾಲನ್ನು ಕರ್ನಲ್‌ನ ಡೆವಲಪರ್‌ಗಳಿಗೆ ಪ್ಯಾಚ್ ಆಗಿ ಕಳಿಸಿ. ಇಂಥ ಒಂದು ಸಾಲಿನ ಪ್ಯಾಚ್‌ಗಳನ್ನು ಅವರು ಖುಷಿಯಿಂದ ತೆಗೆದುಕೊಳ್ಳುತ್ತಾರೆ. ಇದರಿಂದ ಅದೇ ಡಿವೈಸ್ ಕೊಂಡವರೆಲ್ಲರ ದಾರಿ ಸುಲಭವಾಗುತ್ತದೆ.

ಡಿವೈಸ್ ಹೇಳಿದ್ದನ್ನು ನಂಬುವ ಸಮಸ್ಯೆ

ಇಷ್ಟೆಲ್ಲ ನಿಂತಿರುವುದು ಡಿವೈಸ್ ತನ್ನ ಬಗ್ಗೆ ತಾನೇ ಹೇಳಿಕೊಂಡ ಸಂಖ್ಯೆಗಳ ಮೇಲೆ. ಅದು ನಿಜವೇ ಎಂದು ನೋಡುವ ಬಗೆ ಈ ದಾರಿಯಲ್ಲಿ ಎಲ್ಲೂ ಇಲ್ಲ. ಇದರಿಂದ ಆಗುವ ತೊಂದರೆಗಳಲ್ಲಿ ಕೆಲವು ಯಾರ ಕೆಟ್ಟ ಉದ್ದೇಶವೂ ಇಲ್ಲದೆ ಆಗುವಂಥವು.

2022ರಲ್ಲಿ ಉಬುಂಟು 22.04 ಬಂದಾಗ, ಸಿಎಚ್340 ಎಂಬ ಯುಎಸ್‌ಬಿ-ಸೀರಿಯಲ್ ಚಿಪ್ ಇರುವ ಬೋರ್ಡ್ ಬಳಸುತ್ತಿದ್ದ ಬಹಳ ಜನಕ್ಕೆ ಒಂದು ವಿಚಿತ್ರ ಅನುಭವ ಆಯಿತು. ಬೋರ್ಡ್ ಹಾಕಿದರೆ /ಡೆವ್/ಟಿಟಿವೈಯುಎಸ್‌ಬಿ0 ಹುಟ್ಟುತ್ತಿತ್ತು, ತಕ್ಷಣ ಮಾಯವಾಗುತ್ತಿತ್ತು. ಡ್ರೈವರ್ ಸರಿಯಾಗಿಯೇ ಇತ್ತು. ಅಲ್ಲಿ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಇತ್ತು. ಕಣ್ಣು ಕಾಣದವರು ಬಳಸುವ ಬ್ರೈಲ್ ಡಿಸ್‌ಪ್ಲೇಗಳನ್ನು ನಡೆಸುವ, ತುಂಬಾ ಬೇಕಾದ ಪ್ರೋಗ್ರಾಂ. ಕೆಲವು ಬ್ರೈಲ್ ಡಿಸ್‌ಪ್ಲೇಗಳೊಳಗೂ ಇರುವುದು ಇದೇ ರೀತಿಯ ಸೀರಿಯಲ್ ಚಿಪ್‌ಗಳು. ಅವು ಹೇಳಿಕೊಳ್ಳುವ ಸಂಖ್ಯೆಯೂ ಅದೇ, 1ಎ86 ಮತ್ತು 7523. ಯೂಡೆವ್ ರೂಲ್‌ನಲ್ಲಿ ಆ ಸಂಖ್ಯೆ ಇತ್ತು. ಹಾಗಾಗಿ ಬೋರ್ಡ್ ಹಾಕಿದಾಗಲೆಲ್ಲ ಬ್ರೈಲ್ ಡಿಸ್‌ಪ್ಲೇ ಬಂತು ಎಂದುಕೊಂಡು ಆ ಪ್ರೋಗ್ರಾಂ ಅದನ್ನು ಕರ್ನಲ್ ಡ್ರೈವರ್‌ನ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಸಂಖ್ಯೆ ಹೇಳುವುದು ಒಳಗಿನ ಚಿಪ್ ಯಾವುದು ಎಂದು. ಸುತ್ತಲಿನ ಡಬ್ಬಿ ಏನು ಎಂದು ಅದು ಹೇಳುವುದಿಲ್ಲ.

ಕೆಟ್ಟ ಉದ್ದೇಶ ಇದ್ದರೆ ಏನು ಮಾಡಬಹುದು ಎಂಬುದನ್ನು 2014ರಲ್ಲಿ ಬ್ಯಾಡ್‌ಯುಎಸ್‌ಬಿ ಸಂಶೋಧನೆ ತೋರಿಸಿತು. ಪೆನ್‌ಡ್ರೈವ್‌ನಂತೆ ಕಾಣುವ ವಸ್ತು ತಾನು ಕೀಬೋರ್ಡ್ ಎಂದು ಹೇಳಿಕೊಂಡು, ಕಮಾಂಡ್‌ಗಳನ್ನು ತಾನೇ ಟೈಪ್ ಮಾಡಿಬಿಡಬಲ್ಲದು. ಕರ್ನಲ್ ಆ ಮಾತನ್ನು ನಂಬುತ್ತದೆ. ಇದಕ್ಕೆ ತಡೆ ಇದೆ. ಯುಎಸ್‌ಬಿಕೋರ್.ಆಥರೈಸ್ಡ್_ಡಿಫಾಲ್ಟ್ ಎಂಬ ಬೂಟ್ ಪ್ಯಾರಾಮೀಟರ್‌ಗೆ 0 ಕೊಟ್ಟರೆ, ನೀವು ಒಪ್ಪಿಗೆ ಕೊಡುವವರೆಗೆ ಹೊಸ ಡಿವೈಸ್‌ಗೆ ಯಾವ ಡ್ರೈವರೂ ಅಂಟುವುದಿಲ್ಲ. ಕೀಬೋರ್ಡ್ ಕೂಡ ಯುಎಸ್‌ಬಿಯದ್ದೇ ಆಗಿದ್ದರೆ ಒಪ್ಪಿಗೆ ಕೊಡುವುದಕ್ಕೇ ದಾರಿ ಉಳಿಯುವುದಿಲ್ಲ, ಹುಷಾರು. ಯುಎಸ್‌ಬಿಗಾರ್ಡ್ ಎಂಬ ಪ್ರೋಗ್ರಾಂ ಈ ಒಪ್ಪಿಗೆಯ ಕೆಲಸವನ್ನು ನಿಯಮಗಳ ಪ್ರಕಾರ ನೋಡಿಕೊಳ್ಳುತ್ತದೆ. ಸರ್ವರ್‌ಗಳಲ್ಲಿ ಇನ್ನೂ ಕಟ್ಟುನಿಟ್ಟಾದ ಉಪಾಯ ಇದೆ. ಬೇಕಾದ ಡ್ರೈವರ್‌ಗಳೆಲ್ಲ ಬಂದ ಮೇಲೆ ಕರ್ನಲ್.ಮಾಡ್ಯೂಲ್ಸ್_ಡಿಸೇಬಲ್ಡ್ ಅನ್ನು 1 ಮಾಡಿಬಿಡುವುದು. ಆಮೇಲೆ ರೀಬೂಟ್ ಆಗುವವರೆಗೆ ಒಂದೂ ಮಾಡ್ಯೂಲ್ ಲೋಡ್ ಆಗುವುದಿಲ್ಲ, ರೂಟ್ ಯೂಸರ್ ಹೇಳಿದರೂ ಅಷ್ಟೇ.

ಒಂದು ನಿರ್ದಿಷ್ಟ ಡ್ರೈವರ್ ಬೇಡ ಅಂದರೆ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಬ್ಲ್ಯಾಕ್‌ಲಿಸ್ಟ್ ಸಾಲು ಬರೆಯುತ್ತಾರೆ. ಅದು ಪೂರ್ತಿ ತಡೆಯಲ್ಲ ಎಂಬುದು ನೆನಪಿರಲಿ. ಮಾಡ್‌ಅಲಿಯಾಸ್ ಮೂಲಕ ತಾನಾಗಿ ಬರುವುದನ್ನು ಮಾತ್ರ ಅದು ನಿಲ್ಲಿಸುತ್ತದೆ. ಯಾರಾದರೂ ಹೆಸರು ಹಿಡಿದು ಕರೆದರೆ, ಅಥವಾ ಬೇರೆ ಮಾಡ್ಯೂಲ್‌ಗೆ ಅದು ಬೇಕಾದರೆ, ಬಂದೇ ಬರುತ್ತದೆ. ಪೂರ್ತಿ ತಡೆಯಲು ಇನ್‌ಸ್ಟಾಲ್ ಎಂಬ ಸಾಲಿನಲ್ಲಿ ಮಾಡ್ಯೂಲ್ ಹೆಸರಿನ ನಂತರ /ಬಿನ್/ಫಾಲ್ಸ್ ಎಂದು ಬರೆಯಬೇಕು.

ಉಳಿದ ಯುನಿಕ್ಸ್‌ಗಳು

ಲಿನಕ್ಸ್‌ನಂತೆಯೇ ಯುನಿಕ್ಸ್ ಮಾದರಿಯ ಫ್ರೀಬಿಎಸ್‌ಡಿಯಲ್ಲೂ ದಾರಿ ಹೆಚ್ಚುಕಡಿಮೆ ಇದೇ, ಹೆಸರುಗಳು ಬೇರೆ. ಕರ್ನಲ್‌ನ ಮಾತು ಕೇಳಿಸಿಕೊಳ್ಳುವುದು ಡೆವ್‌ಡಿ. ಪಟ್ಟಿ ಇರುವುದು ಲಿಂಕರ್.ಹಿಂಟ್ಸ್ ಫೈಲ್‌ನಲ್ಲಿ. ಡೆವ್‌ಮ್ಯಾಚ್ ಹೋಲಿಕೆ ಮಾಡುತ್ತದೆ, ಕೈಯಿಂದ ಲೋಡ್ ಮಾಡಲು ಕೆಎಲ್‌ಡಿಲೋಡ್ ಇದೆ. ಓಪನ್‌ಬಿಎಸ್‌ಡಿ ಮಾತ್ರ ಬೇರೆಯೇ ನಿಲುವು ತಳೆದಿದೆ. ಅಲ್ಲಿ ಓಡುತ್ತಿರುವ ಕರ್ನಲ್‌ಗೆ ಮಾಡ್ಯೂಲ್ ಸೇರಿಸುವ ಸೌಲಭ್ಯವನ್ನೇ ತೆಗೆದುಹಾಕಿದ್ದಾರೆ. ಡ್ರೈವರ್‌ಗಳೆಲ್ಲ ಜೆನೆರಿಕ್ ಕರ್ನಲ್‌ನೊಳಗೇ ಇರುತ್ತವೆ, ಲೋಡ್ ಮಾಡುವ ಮಾತೇ ಇಲ್ಲ. ಕರ್ನಲ್ ಸ್ವಲ್ಪ ದಪ್ಪ ಆಗುತ್ತದೆ. ಅದಕ್ಕೆ ಬದಲಾಗಿ, ಹೊರಗಿನ ಕೋಡ್ ಕರ್ನಲ್‌ಗೆ ನುಗ್ಗುವ ಒಂದು ಬಾಗಿಲು ಮುಚ್ಚುತ್ತದೆ. ಭದ್ರತೆಯೇ ಮೊದಲು ಅನ್ನುವವರಿಗೆ ಇದು ಒಪ್ಪುವ ಲೆಕ್ಕ.

ತೆಗೆದಾಗ

ಕೇಬಲ್ ಎಳೆದರೆ ಹಬ್ ಮತ್ತೆ ಸುದ್ದಿ ಮುಟ್ಟಿಸುತ್ತದೆ, ಕರ್ನಲ್ ಡ್ರೈವರ್‌ನ ಡಿಸ್‌ಕನೆಕ್ಟ್ ಫಂಕ್ಷನ್ ಕರೆಯುತ್ತದೆ, /ಡೆವ್‌ನಲ್ಲಿದ್ದ ಫೈಲ್ ಹೋಗುತ್ತದೆ. ಮಾಡ್ಯೂಲ್ ಮಾತ್ರ ಮೆಮೊರಿಯಲ್ಲೇ ಉಳಿಯುತ್ತದೆ. ಅದನ್ನು ತಾನಾಗಿ ಯಾರೂ ತೆಗೆಯುವುದಿಲ್ಲ, ತೆಗೆಯುವ ಅಗತ್ಯವೂ ಇಲ್ಲ. ಅದು ಹಿಡಿಯುವ ಜಾಗ ತೀರಾ ಕಮ್ಮಿ. ಮುಂದಿನ ಸಲ ಅದೇ ಡಿವೈಸ್ ಹಾಕಿದರೆ ಹುಡುಕಾಟವಿಲ್ಲದೆ ನೇರ ಪ್ರೋಬ್‌ಗೆ ಹೋಗುತ್ತದೆ.

ಆದರೆ ಟರ್ಮಿನಲ್ ಪ್ರೋಗ್ರಾಂ ಒಂದು ಆ ಪೋರ್ಟನ್ನು ತೆರೆದುಕೊಂಡೇ ಇದ್ದಾಗ ಕೇಬಲ್ ಎಳೆದು ಮತ್ತೆ ಹಾಕಿದರೆ, 0 ಅನ್ನುವ ಸಂಖ್ಯೆ ಇನ್ನೂ ಬಿಡುಗಡೆ ಆಗಿರುವುದಿಲ್ಲ. ಹೊಸ ಪೋರ್ಟ್ ಟಿಟಿವೈಯುಎಸ್‌ಬಿ1 ಆಗಿ ಬರುತ್ತದೆ, ಹಳೆಯ ಹೆಸರು ನಂಬಿದ್ದ ಸ್ಕ್ರಿಪ್ಟ್ ನಿಲ್ಲುತ್ತದೆ. ಎರಡು ಕೇಬಲ್ ಇದ್ದರೆ ಯಾವುದು 0, ಯಾವುದು 1 ಎಂಬುದು ಹಾಕಿದ ಕ್ರಮದ ಮೇಲೆ ಹೋಗುತ್ತದೆ. ಆದ್ದರಿಂದ ಸ್ಕ್ರಿಪ್ಟ್‌ಗಳಲ್ಲಿ ಈ ಸಂಖ್ಯೆಗಳನ್ನು ಬರೆಯಲೇಬೇಡಿ. ಯೂಡೆವ್ /ಡೆವ್/ಸೀರಿಯಲ್/ಬೈ-ಐಡಿ ಒಳಗೆ ತಯಾರಕ, ಉತ್ಪನ್ನ ಮತ್ತು ಸೀರಿಯಲ್ ನಂಬರ್ ಸೇರಿಸಿದ ಹೆಸರಿನ ಲಿಂಕ್ ಮಾಡಿಟ್ಟಿರುತ್ತದೆ, ಅದನ್ನು ಬಳಸಿ. ಸಿಎಚ್340 ತರಹದ ಅಗ್ಗದ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುವುದಿಲ್ಲ. ಅಂಥ ಎರಡು ಬೋರ್ಡ್ ಹಾಕಿದರೆ ಬೈ-ಐಡಿಯಲ್ಲಿ ಎರಡಕ್ಕೂ ಒಂದೇ ಹೆಸರು. ಆಗ ಪಕ್ಕದ ಬೈ-ಪಾತ್ ಡೈರೆಕ್ಟರಿ ನೋಡಿ. ಅಲ್ಲಿ ಹೆಸರು ಬರುವುದು ಯಾವ ಪೋರ್ಟಿಗೆ ಹಾಕಿದ್ದೀರಿ ಎಂಬುದರಿಂದ. ಪೋರ್ಟ್ ಬದಲಿಸದಿದ್ದರೆ ಹೆಸರೂ ಬದಲಾಗುವುದಿಲ್ಲ.